ಸೀಲ್ ಬದಲಿಸಿದರೂ ನಿಲ್ಲದ ಸೋರಿಕೆ: ಡಿಫರೆನ್ಷಿಯಲ್ ಮತ್ತು ಆಕ್ಸಲ್ ಕುರಿತ ಪ್ರಶ್ನೆಗಳು

ಮಳೆಗಾಲ ಕಳೆದು ವಾಹನದ ಅಡಿಭಾಗವನ್ನು ನೆಮ್ಮದಿಯಿಂದ ನೋಡಲು ಸಾಧ್ಯವಾಗುವ ಈ ದಿನಗಳಲ್ಲಿ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಮತ್ತು ಆಕ್ಸಲ್ ಕಡೆಯ ಆಯಿಲ್ ಸೋರಿಕೆಯ ಬಗ್ಗೆ ಮಲೆನಾಡಿನ ಓದುಗರಿಂದ ಪತ್ರಗಳು ಬಂದಿವೆ. ಮೊದಲ ಪತ್ರದ ಸಮಸ್ಯೆ ಹಲವರಿಗೆ ಉಪಯೋಗವಾಗುವಂಥದ್ದಾದ್ದರಿಂದ ಅದಕ್ಕೆ ವಿಸ್ತಾರವಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಬಳಿ ಹಿಂದಿನ ಚಕ್ರಗಳಿಗೆ ಚಾಲನೆಯಿರುವ, ಎರಡು ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು ಇದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಮಳೆಗಾಲದ ಆರಂಭದಲ್ಲಿ ಶೆಡ್ಡಿನ ನೆಲದ ಮೇಲೆ, ಕಾರಿನ ಹಿಂಭಾಗದ ನಡುವೆ ಆಯಿಲ್ ಕಲೆ ಕಾಣಿಸಿತು. ಎಡಗಡೆಯ ಹಿಂದಿನ ಚಕ್ರದ ಒಳಮೈಗೂ ಕಪ್ಪು ಜಿಡ್ಡು ಸಿಡಿದಿತ್ತು. ಗ್ಯಾರೇಜಿನವರು ಡಿಫರೆನ್ಷಿಯಲ್‌ನ ಎಡಗಡೆಯ ಆಯಿಲ್ ಸೀಲ್ (ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಬದಲಿಸಿದರು. ಒಂದು ತಿಂಗಳೊಳಗೆ ಮತ್ತೆ ಸೋರಲಾರಂಭಿಸಿತು. ಮಂಡಗದ್ದೆ ದಾರಿಯಲ್ಲಿ ಶಿವಮೊಗ್ಗಕ್ಕೂ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೂ ಹೋಗಿಬರುತ್ತೇನೆ. ಈಗ ಇಡೀ ಡಿಫರೆನ್ಷಿಯಲ್ಲನ್ನೇ ಬದಲಿಸಬೇಕೆನ್ನುತ್ತಿದ್ದಾರೆ. ಒಪ್ಪಬಹುದೇ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನೀವು ಬರೆದಿರುವ ವಿವರಗಳನ್ನು ನೋಡಿದರೆ ಇಲ್ಲಿ ಒಂದಲ್ಲ, ಎರಡು ಬೇರೆ ಬೇರೆ ಸೋರಿಕೆಗಳಿರುವ ಸಾಧ್ಯತೆ ಹೆಚ್ಚು. ಅವುಗಳಲ್ಲಿ ಮರುಕಳಿಸಿದ ಸೋರಿಕೆಗೆ ಸೀಲ್ ಮೂಲ ಕಾರಣವಾಗಿರಲಾರದು. ವಯಸ್ಸಾದ ಸೀಲ್‌ನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುವುದುಂಟು, ನಿಜ. ಆದರೆ ಹೊಸ ಸೀಲ್ ಒಂದೇ ತಿಂಗಳಲ್ಲಿ ಸೋತಿದೆಯೆಂದರೆ ಅದನ್ನು ಸೋಲಿಸಿದ ಬೇರೇನೋ ಇದೆ ಎಂದೇ ತಿಳಿಯಬೇಕು. ಒಳಗೆ ಒತ್ತಡ ಕಟ್ಟಿಕೊಂಡಿರಬಹುದು, ಆಯಿಲ್ ಮಟ್ಟ ಮೀರಿರಬಹುದು, ಬೇರಿಂಗ್ ಸವೆದಿರಬಹುದು, ಸೀಲ್‌ನ ತುಟಿ ತಾಗುವ ಉಕ್ಕಿನ ಮೈಯಲ್ಲಿ ಗೀರು ಬಿದ್ದಿರಬಹುದು, ಅಥವಾ ಸೀಲನ್ನು ಓರೆಯಾಗಿ ಹೊಡೆದು ಕೂರಿಸಿರಬಹುದು. ಇವುಗಳಲ್ಲಿ ಯಾವುದೆಂದು ಗೊತ್ತಾಗುವವರೆಗೆ ಲಕ್ಷಗಟ್ಟಲೆ ಬೆಲೆಯ ಭಾಗವನ್ನು ತರಿಸುವುದರಲ್ಲಿ ಅರ್ಥವಿಲ್ಲ.

ಮೊದಲು ನಿಮ್ಮ ಕಾರಿನ ರಚನೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮ ಊರುಗಳ ಹಳೆಯ ಮೆಕ್ಯಾನಿಕ್‌ಗಳ ಕೈ ಪಳಗಿರುವುದು ಬೇರೆ ಬಗೆಯ ಹೌಸಿಂಗ್‌ಗಳ ಮೇಲೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪು ಮೊದಲಾದವುಗಳಲ್ಲಿ ಡಿಫರೆನ್ಷಿಯಲ್ ಮತ್ತು ಎರಡೂ ಆಕ್ಸಲ್‌ಗಳು ಒಂದೇ ಉದ್ದನೆಯ ಹೌಸಿಂಗ್‌ನೊಳಗೆ ಇರುತ್ತವೆ. ಡಿಫರೆನ್ಷಿಯಲ್‌ನ ದೊಡ್ಡ ಮತ್ತು ಚಿಕ್ಕ ಗೇರ್‌ಗಳ ಜೋಡಿಯಾದ ಕ್ರೌನ್–ಪಿನಿಯನ್‌ಗೆ ಹಾಕಿದ ಆಯಿಲ್ ಆ ಕೊಳವೆಯೊಳಗೆ ಹರಿದು ಚಕ್ರದ ತನಕ ಬರಬಲ್ಲದು. ಹಾಗಾಗಿ ಚಕ್ರದ ಬಳಿ ಜಿಡ್ಡು ಕಂಡರೆ ಆಯಿಲ್ ಸೀಲ್ ಹೋಗಿದೆ ಎಂದು ಅವರು ಹೇಳುವುದು ಅಂಥ ವಾಹನಗಳ ಮಟ್ಟಿಗೆ ಸರಿಯೇ. ಸ್ವತಂತ್ರ ಹಿಂಬದಿ ಸಸ್ಪೆನ್ಷನ್ (ಹಿಂದಿನ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏರಿಳಿಯುವ ರಚನೆ) ಇರುವ ಸ್ಪೋರ್ಟ್ಸ್ ಕಾರುಗಳಲ್ಲಿ ಹಾಗಲ್ಲ. 1989ರಲ್ಲಿ ಬಂದ ಮಾಜ್ಡಾ ಎಂಎಕ್ಸ್-5 ಆರಂಭದಿಂದಲೂ, ಫೋರ್ಡ್ ಮಸ್ಟಾಂಗ್ 2015ರ ಮಾದರಿಯಿಂದ ಎಲ್ಲ ಆವೃತ್ತಿಗಳಲ್ಲೂ ಈ ರಚನೆಯನ್ನು ಹೊಂದಿವೆ. ಇವುಗಳಲ್ಲಿ ಡಿಫರೆನ್ಷಿಯಲ್ ಕಾರಿನ ಅಡಿಗೆ ಬಿಗಿದ ಪ್ರತ್ಯೇಕ ಪೆಟ್ಟಿಗೆ. ಅದರ ಎರಡೂ ಬದಿಗಳಿಂದ ಹೊರಟ ಚಿಕ್ಕ ಆಕ್ಸಲ್ ಶಾಫ್ಟ್‌ಗಳು ಬಯಲಿನಲ್ಲೇ ಇರುತ್ತವೆ, ಮತ್ತು ಒಂದೊಂದು ಶಾಫ್ಟ್‌ನ ಎರಡೂ ತುದಿಗಳಲ್ಲಿ ರಬ್ಬರ್ ಬೂಟ್ (ಮುಸುಕು) ತೊಟ್ಟ, ಚಕ್ರ ಏರಿಳಿದರೂ ಶಾಫ್ಟ್ ತಿರುಗಲು ಬಿಡುವ ಕೀಲುಗಳಾದ ಸಿವಿ ಜಾಯಿಂಟ್‌ಗಳಿರುತ್ತವೆ. ಪೆಟ್ಟಿಗೆಯೊಳಗೆ ಗೇರ್ ಆಯಿಲ್ ಇದ್ದರೆ, ಬೂಟ್‌ನೊಳಗೆ ಇರುವುದು ಗ್ರೀಸ್ ಮಾತ್ರ. ಆದ್ದರಿಂದ ನಿಮ್ಮ ಚಕ್ರದ ಒಳಮೈಗೆ ಸಿಡಿದಿರುವ ಕಪ್ಪು ಜಿಡ್ಡು ಡಿಫರೆನ್ಷಿಯಲ್‌ನಿಂದ ಬಂದದ್ದಾಗಿರುವ ಸಂಭವ ಕಡಿಮೆ. ಅದು ಹೊರಗಿನ ಜಾಯಿಂಟ್‌ನ ಬೂಟ್ ಹರಿದು ಸಿಡಿದ ಗ್ರೀಸ್ ಆಗಿರಬೇಕು.

ಇದನ್ನು ಬೆರಳಿನಲ್ಲೇ ಪರೀಕ್ಷಿಸಬಹುದು. ಗೇರ್ ಆಯಿಲ್‌ಗೆ ಗಂಧಕ ಬೆರೆತ ಕಟುವಾದ ವಾಸನೆಯಿದೆ. ಒಮ್ಮೆ ಮೂಸಿದವರು ಅದನ್ನು ಮರೆಯಲಾರರು, ಕೈ ತೊಳೆದರೂ ಬೇಗ ಹೋಗುವುದಿಲ್ಲ. ಬೆರಳುಗಳ ನಡುವೆ ಎಳೆದರೆ ಅದು ದಪ್ಪಗೆ ಜಾರುತ್ತದೆ. ಸಿವಿ ಜಾಯಿಂಟ್‌ನ ಗ್ರೀಸ್‌ನಲ್ಲಿ ಸಾಮಾನ್ಯವಾಗಿ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವುದರಿಂದ ಅದು ಕಪ್ಪಗೆ, ಮುದ್ದೆಯಾಗಿ, ಬೆರಳಿಗೆ ಬೂದು ಮಿಶ್ರಿತ ಕಪ್ಪು ಬಣ್ಣ ಹಚ್ಚುತ್ತದೆ. ಬ್ರೇಕ್ ಆಯಿಲ್ ತೆಳ್ಳಗಿದ್ದು ಪೇಂಟನ್ನು ಎಬ್ಬಿಸುತ್ತದೆ. ಶಾಕ್ ಅಬ್ಸಾರ್ಬರ್ ಸೋರಿದ್ದರೆ ಅದರ ದೇಹದ ಮೇಲ್ಭಾಗದಿಂದಲೇ ತೆಳುವಾದ ಎಣ್ಣೆಯ ತೇವ ಇಳಿದಿರುತ್ತದೆ. ಈ ವ್ಯತ್ಯಾಸಗಳನ್ನು ನೋಡದೆ ಸೀಲ್ ತೆಗೆಯಲು ಹೊರಟರೆ ಸರಿಯಿದ್ದ ಭಾಗವನ್ನು ಬಿಚ್ಚಿ, ಕೆಟ್ಟ ಭಾಗವನ್ನು ಹಾಗೆಯೇ ಬಿಟ್ಟಂತಾಗುತ್ತದೆ.

ಇನ್ನು ಸೋರಿಕೆಯ ಮೂಲವನ್ನು ಹುಡುಕುವ ಕ್ರಮ. ಮಲೆನಾಡಿನ ಮಳೆಗಾಲ ಮುಗಿದ ಮೇಲೆ ಯಾವುದೇ ಕಾರಿನ ಅಡಿಯಲ್ಲಿ ಕೆಮ್ಮಣ್ಣು ಮತ್ತು ಜಿಡ್ಡು ಬೆರೆತು ಒಂದು ಪದರವೇ ಕೂತಿರುತ್ತದೆ. ಅದರ ಮೇಲೆ ನೋಡಿ ಯಾರೂ ತೀರ್ಮಾನ ಹೇಳಲಾಗದು. ಡಿಫರೆನ್ಷಿಯಲ್ ಪೆಟ್ಟಿಗೆ, ಗೇರ್‌ಬಾಕ್ಸ್ ಕಡೆಯಿಂದ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಮುಂಭಾಗ, ಹಿಂಬದಿಯ ಕವರ್, ಎರಡೂ ಬದಿಗಳ ಶಾಫ್ಟ್ ಸೇರುವೆಡೆ, ಮೇಲಿನ ಬ್ರೀದರ್ (ಗಾಳಿಯಾಡುವ ಕಿಂಡಿ), ಡ್ರೈನ್ ಮತ್ತು ಫಿಲ್ಲರ್ ಪ್ಲಗ್‌ಗಳು, ಇಷ್ಟನ್ನೂ ಡಿಗ್ರೀಸರ್ ಹಚ್ಚಿ ಬ್ರಷ್‌ನಿಂದ ಉಜ್ಜಿ ತೊಳೆಸಿ, ಪೂರ್ತಿ ಒಣಗಿಸಿ. ಹೈ ಪ್ರೆಷರ್ ನೀರನ್ನು ಬ್ರೀದರ್‌ಗೂ ಸೀಲ್‌ಗಳ ತುಟಿಗೂ ನೇರವಾಗಿ ಹೊಡೆಯಲು ಬಿಡಬೇಡಿ. ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಸಾಮಾನ್ಯ ಟಾಲ್ಕಮ್ ಪೌಡರ್ ಉದುರಿಸಿ, ಒಣ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿ. ತೇವ ಎಲ್ಲಿ ಮೊದಲು ಹೊರಟಿದೆಯೋ ಅಲ್ಲಿ ಪೌಡರ್ ಕಪ್ಪಾಗಿರುತ್ತದೆ. ಕಾರು ಓಡುವಾಗ ಗಾಳಿ ಆಯಿಲ್ಲನ್ನು ಹಿಂದಕ್ಕೆ ತಳ್ಳುವುದರಿಂದ ಹನಿ ಬೀಳುವ ಜಾಗವನ್ನು ನಂಬಬೇಡಿ. ತೇವವಿರುವ ಭಾಗಗಳಲ್ಲಿ ಅತ್ಯಂತ ಮೇಲಿನದು ಮತ್ತು ಮುಂದಿನದು ಯಾವುದೋ ಅದೇ ಮೂಲ. ಮುಂಭಾಗದ ಪಿನಿಯನ್ ಸೀಲ್ ಸೋರುತ್ತಿದ್ದರೆ ತಿರುಗುವ ಫ್ಲಾಂಜ್ (ಪ್ರೊಪೆಲ್ಲರ್ ಶಾಫ್ಟನ್ನು ಬಿಗಿಯುವ ತಟ್ಟೆ) ಆಯಿಲ್ಲನ್ನು ಎರಚುವುದರಿಂದ ಮೇಲಿನ ಬಾಡಿಯ ತಗಡಿನ ಮೇಲೆ ಅಡ್ಡಲಾಗಿ ಒಂದು ಪಟ್ಟೆಯೇ ಮೂಡಿರುತ್ತದೆ. ಪೌಡರ್‌ನಿಂದಲೂ ಸ್ಪಷ್ಟವಾಗದಿದ್ದರೆ ಗೇರ್ ಆಯಿಲ್‌ಗೆ ಬೆರೆಸುವ ಯುವಿ ಡೈ ಮತ್ತು ಅದಕ್ಕೆ ತಕ್ಕ ಟಾರ್ಚ್ ಸಿಗುತ್ತವೆ.

ಹಾಗೆ ನೋಡುವಾಗ ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ಬ್ರೀದರ್. ನಿಮ್ಮ ಪತ್ರ ಓದಿದಾಗ ನನಗೆ ಬಂದ ಮೊದಲ ಅನುಮಾನವೂ ಅದರ ಮೇಲೆಯೇ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಚಿಕ್ಕ ಟೊಪ್ಪಿಗೆಯಿರುವ ನಿಪ್ಪಲ್ ಅಥವಾ ರಬ್ಬರ್ ಪೈಪ್ ರೂಪದಲ್ಲಿ ಅದು ಇರುತ್ತದೆ. ಆಯಿಲ್ ಬಿಸಿಯಾದಾಗ ಹಿಗ್ಗುವ ಗಾಳಿ ಹೊರಹೋಗಲು, ತಣಿದಾಗ ಒಳಬರಲು ಇರುವ ದಾರಿ ಅದೊಂದೇ. ಸೋಮೇಶ್ವರದಿಂದ ಆಗುಂಬೆಗೆ ಘಾಟಿ ಏರುವಾಗ ಪಿನಿಯನ್ ಮೇಲೆ ಸತತವಾಗಿ ಭಾರ ಬಿದ್ದು ಆಯಿಲ್ ಚೆನ್ನಾಗಿ ಕಾಯುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಸೀಲ್‌ಗಳ ತುಟಿಯನ್ನು ದಾಟಿ ಆಯಿಲ್ಲನ್ನು ಹೊರದಬ್ಬುತ್ತದೆ. ಅದೇ ಬಿಸಿ ಪೆಟ್ಟಿಗೆ ಘಾಟಿ ಏರಿ ಬಂದೊಡನೆ ರಸ್ತೆಯಲ್ಲಿ ನಿಂತ ತಣ್ಣನೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸಿಕ್ಕ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಗುಂಬೆ, ಹುಲಿಕಲ್ ಸುತ್ತಿನ ಮಳೆಯಲ್ಲಿ ಇದು ಅಪರೂಪದ ಸಂಗತಿಯಲ್ಲ. ಬ್ರೀದರ್ ಬಿಚ್ಚಿ ಬಾಯಿಂದ ಊದಿ ನೋಡಬೇಡಿ. ಸಣ್ಣ ತಂತಿ, ಕ್ಲೀನರ್ ಮತ್ತು ಕಡಿಮೆ ಒತ್ತಡದ ಗಾಳಿಯಿಂದ ಹೊರಗಡೆಯೇ ಶುಚಿಮಾಡಿ. ಟೊಪ್ಪಿಗೆ ಸಡಿಲವಾಗಿ ಅಲುಗಾಡುವಂತಿದ್ದರೆ ಮಾತ್ರ ಮತ್ತೆ ಹಾಕಿ, ಇಲ್ಲವಾದರೆ ಹೊಸದನ್ನು ಹಾಕಿ. ಬೆಲೆಯಲ್ಲಿ ಇದು ಸೀಲ್‌ಗಿಂತಲೂ ಅಗ್ಗದ ಭಾಗ. ನೀರು ದಾಟುವ ರಸ್ತೆಗಳಲ್ಲಿ ಓಡಾಡುವವರು ಬ್ರೀದರ್‌ಗೆ ಆಯಿಲ್ ತಾಳುವ ಪೈಪ್ ಸೇರಿಸಿ, ಅದರ ತುದಿಯನ್ನು ಬಾಡಿಯ ಎತ್ತರದ ಭಾಗದಲ್ಲಿ ಕೆಳಮುಖವಾಗಿ ಕಟ್ಟಿಸಿಕೊಳ್ಳುವುದು ಒಳ್ಳೆಯ ಮುನ್ನೆಚ್ಚರಿಕೆ.

ಎರಡನೆಯದು ಆಯಿಲ್ ಮಟ್ಟ. ಹೆಚ್ಚಿನ ಕಾರುಗಳಲ್ಲಿ ಫಿಲ್ಲರ್ ರಂಧ್ರದ ಕೆಳಗಿನ ಅಂಚಿಗೆ ಆಯಿಲ್ ಸಮನಾಗಿರಬೇಕು, ಕೆಲವು ಕಾರುಗಳಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ ಎಂದು ಕೈಪಿಡಿ ಹೇಳುತ್ತದೆ. ಮುಖ್ಯವಾದ ಮಾತೆಂದರೆ ನಾಲ್ಕೂ ಚಕ್ರಗಳು ಸಮತಟ್ಟಾಗಿರುವಾಗ ಅಳೆಯಬೇಕು. ಹಿಂಭಾಗವನ್ನಷ್ಟೇ ಜಾಕ್‌ನಿಂದ ಎತ್ತಿ ಆಯಿಲ್ ತುಂಬಿದರೆ ಮಟ್ಟ ತಪ್ಪುವುದು ಖಂಡಿತ. ಸೀಲ್ ಬದಲಿಸಿದಾಗ ಹೀಗೆ ಮಟ್ಟ ಮೀರಿ ತುಂಬಿರುವುದೂ ನಿಮ್ಮ ಕಾರಿನ ಸೋರಿಕೆಗೆ ಕಾರಣವಾಗಿರಬಹುದು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಡ್ರೈನ್ ಪ್ಲಗ್‌ಗೆ ಕೈಹಾಕುವ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆಯಿಲ್ಲನ್ನೆಲ್ಲ ಇಳಿಸಿಯಾದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕೂತಿದೆಯೆಂದು ತಿಳಿದರೆ ಕಾರು ಅಲ್ಲಿಂದ ಕದಲುವಂತಿಲ್ಲ.

ಹಳೆಯ ಆಯಿಲ್ ಇಳಿಸುವಾಗ ಅದನ್ನು ಶುಭ್ರವಾದ ಪಾತ್ರೆಯಲ್ಲಿ ಹಿಡಿದು ಬೆಳಕಿನಲ್ಲಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಪ್ಲಗ್‌ನ ಅಯಸ್ಕಾಂತಕ್ಕೆ ಹಿಡಿದಿರುವ ನುಣುಪಾದ ಬೂದು ಬಣ್ಣದ ಲೇಪ ಸಹಜವಾದ ಸವೆತ, ಅದಕ್ಕೆ ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವ ಚೂರುಗಳು ಅಥವಾ ಪದರಪದರವಾದ ಹೊಳೆಯುವ ಸಿಪ್ಪೆಗಳಿದ್ದರೆ ಮಾತ್ರ ಬೇರಿಂಗ್ ಇಲ್ಲವೇ ಕ್ರೌನ್–ಪಿನಿಯನ್ ಹಾಳಾಗುತ್ತಿದೆ ಎಂದರ್ಥ. ಆಗಷ್ಟೇ ಪೆಟ್ಟಿಗೆಯನ್ನು ಇಳಿಸಿ ಬಿಚ್ಚುವ ಮಾತು, ಇಡೀ ಜೋಡಣೆ ಬದಲಿಸುವ ಮಾತು ನ್ಯಾಯವಾಗುತ್ತದೆ. ನಿಮ್ಮ ಗ್ಯಾರೇಜಿನವರು ಆ ಅಯಸ್ಕಾಂತವನ್ನು ನಿಮಗೆ ತೋರಿಸಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ.

ಮೂರನೆಯದು ಬೇರಿಂಗ್‌ನ ಪ್ಲೇ, ಅಂದರೆ ಸಡಿಲಿಕೆ. ಕಾರನ್ನು ಲಿಫ್ಟ್ ಮೇಲೆ ಅಥವಾ ನಾಲ್ಕು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಪಿನಿಯನ್ ಫ್ಲಾಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ ನೋಡಬೇಕು. ತಿರುಗಿಸುವಾಗ ಹಲ್ಲುಗಳ ನಡುವಿನ ಸ್ವಲ್ಪ ಅಂತರ ಕೈಗೆ ತಿಳಿಯುವುದು ಸರಿಯೇ, ಆದರೆ ಮೇಲೆ ಕೆಳಗೆ ಏನೇ ಅಲುಗಾಟ ಕಂಡರೂ ಬೇರಿಂಗ್ ಸವೆದಿದೆ, ಮತ್ತು ಅಲುಗುವ ಶಾಫ್ಟ್ ಮೇಲೆ ಎಂಥ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಬದಿಯ ಶಾಫ್ಟ್‌ಗಳ ವಿಷಯದಲ್ಲಿ ಕೆಲವು ಕಾರುಗಳಲ್ಲಿ ಸ್ವಲ್ಪ ಪ್ಲೇ ಸಹಜವಾಗಿಯೇ ಇರುವುದರಿಂದ ಎಡ ಬಲಗಳನ್ನು ಹೋಲಿಸಿ ನೋಡುವುದು ಒಳಿತು. ನಮ್ಮ ಜಂಬಿಟ್ಟಿಗೆ ಮಣ್ಣಿನ ಅಂಗಳದಲ್ಲಿ ಜಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಗ್ಗುವ ಅಭ್ಯಾಸ ಪ್ರಾಣಕ್ಕೆ ಎರವಾಗುವಂಥದ್ದು. ಮಳೆ ನೆನೆದ ಮಣ್ಣು ಜಾಕ್‌ನ ಪಾದವನ್ನು ನಿಧಾನವಾಗಿ ನುಂಗುತ್ತದೆ. ಗಟ್ಟಿ ಕಾಂಕ್ರೀಟ್ ನೆಲವಿಲ್ಲದಿದ್ದರೆ ಈ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ.

ಇಷ್ಟೂ ಸರಿಯಿದ್ದು ಎಡಗಡೆಯ ಸೀಲೇ ಸೋರುತ್ತಿದ್ದರೆ ಆ ಶಾಫ್ಟನ್ನು ಹೊರತೆಗೆದು, ಸೀಲ್‌ನ ತುಟಿ ಉಜ್ಜುವ ಮೈಯನ್ನು ಉಗುರಿನಿಂದ ಅಡ್ಡಲಾಗಿ ಕೆರೆದು ನೋಡಿ. ಹೊಳಪಿನ ಗೆರೆ ಮಾತ್ರ ಕಂಡರೆ ತೊಂದರೆಯಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ ಹೊಸ ಸೀಲ್ ಅದೇ ಗುಳಿಯ ಮೇಲೆ ಕೂತು ಸೋರಿದೆ ಎಂದು ತಿಳಿಯಬಹುದು. ಇದಕ್ಕೆ ಇಡೀ ಶಾಫ್ಟ್ ಬದಲಿಸಲೇಬೇಕೆಂದಿಲ್ಲ. ಸವೆದ ಮೈಮೇಲೆ ಏರಿಸುವ, ಸುಮಾರು ಕಾಲು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್‌ನ ರಿಪೇರಿ ಸ್ಲೀವ್‌ಗಳು ಬೇರಿಂಗ್ ಅಂಗಡಿಗಳ ಮೂಲಕ ದೊರೆಯುತ್ತವೆ. ಶಾಫ್ಟ್‌ನ ವ್ಯಾಸವನ್ನು ವರ್ನಿಯರ್‌ನಿಂದ ಸವೆಯದ ಜಾಗದಲ್ಲಿ ಅಳೆದು ತರಿಸಬೇಕು. ಹೌಸಿಂಗ್‌ನಲ್ಲಿ ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೆ ಅಥವಾ ಹೊರಗೆ ಕೂರಿಸಿ, ತುಟಿ ಸವೆಯದ ಮೈಗೆ ತಾಗುವಂತೆ ಮಾಡುವ ಉಪಾಯವೂ ಇದೆ. ಎಮರಿ ಪೇಪರ್‌ನಿಂದ ಉದ್ದಕ್ಕೆ ಉಜ್ಜುವುದು ಮಾತ್ರ ಸಲ್ಲದು, ಏಕೆಂದರೆ ಆ ಗೀರುಗಳೇ ಆಯಿಲ್ ಹೊರಬರುವ ಕಾಲುವೆಗಳಾಗುತ್ತವೆ.

ಶಾಫ್ಟ್ ತೆಗೆಯುವ ಮತ್ತು ಸೀಲ್ ಕೂರಿಸುವ ಕೆಲಸದಲ್ಲಿ ಕೆಲವು ಎಚ್ಚರಿಕೆಗಳಿವೆ. ಹಬ್ ನಟ್ಟನ್ನು (ಚಕ್ರದ ನಡುವಿನ ದೊಡ್ಡ ನಟ್) ಕಾರು ನೆಲದ ಮೇಲಿರುವಾಗ, ಇನ್ನೊಬ್ಬರು ಬ್ರೇಕ್ ಒತ್ತಿಹಿಡಿದಿರುವಾಗ ಸಡಿಲಿಸಬೇಕು, ಮತ್ತು ಸಡಿಲಿಸಿದ ಮೇಲೆ ಆ ಚಕ್ರದ ಮೇಲೆ ಭಾರ ಬಿಟ್ಟು ಕಾರನ್ನು ತಳ್ಳಬಾರದು, ಹಬ್ ಬೇರಿಂಗ್ ಕೆಡುತ್ತದೆ. ಶಾಫ್ಟ್‌ನ ಒಳತುದಿಯನ್ನು ಸರ್ಕ್ಲಿಪ್ (ಸ್ಪ್ರಿಂಗ್ ಉಕ್ಕಿನ ಬಳೆ) ಹಿಡಿದಿರುವ ಕಾರುಗಳಲ್ಲಿ ಒಳಗಿನ ಜಾಯಿಂಟ್‌ನ ಬುಡಕ್ಕೆ ಎರಡು ಕಡೆ ಸಮನಾಗಿ ಮೀಟಿ ಹೊರತೆಗೆಯಬೇಕು. ಶಾಫ್ಟ್ ಹಿಡಿದು ಜಗ್ಗಿದರೆ ಒಳಗಿನ ಜಾಯಿಂಟ್ ಬೂಟ್‌ನೊಳಗೇ ಕಳಚಿಕೊಳ್ಳುತ್ತದೆ. ತೆಗೆದ ಶಾಫ್ಟನ್ನು ಒಂದು ತುದಿಯಿಂದ ತೂಗಾಡಲು ಬಿಡದೆ ತಂತಿಯಿಂದ ಕಟ್ಟಿ ನಿಲ್ಲಿಸಬೇಕು. ಹೊಸ ಸೀಲ್‌ನ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೆ ಇರಬೇಕು, ತುಟಿಗೆ ಗೇರ್ ಆಯಿಲ್ ಸವರಬೇಕು, ಸೀಲ್‌ನ ಹೊರ ಅಂಚಿಗೆ ಹೊಂದುವ ಅಳತೆಯ ಪೈಪಿನ ತುಂಡನ್ನೋ ಸಾಕೆಟ್ಟನ್ನೋ ಇಟ್ಟು ಸುತ್ತಲೂ ಸಮನಾಗಿ ಒಳಗಿಳಿಸಬೇಕು. ಸುತ್ತಿಗೆಯಿಂದ ಒಂದು ಬದಿಗೆ ಹೊಡೆದು, ಮತ್ತೊಂದು ಬದಿಗೆ ಹೊಡೆದು ಕೂರಿಸಿದ ಸೀಲ್‌ನ ಲೋಹದ ಅಂಚು ಬಾಗಿರುತ್ತದೆ. ಶಾಫ್ಟ್ ಮತ್ತೆ ಹಾಕುವಾಗ ಅದರ ಸ್ಪ್ಲೈನ್ ಹಲ್ಲುಗಳು ತುಟಿಯನ್ನು ಕೊಯ್ಯದಂತೆ ಟೇಪ್ ಸುತ್ತಿ ಅಥವಾ ತೆಳುವಾದ ಪ್ಲಾಸ್ಟಿಕ್ ತೋಳು ತೊಡಿಸಿ ತೂರಿಸುವುದು ಒಳ್ಳೆಯದು. ಹೊಸ ಸೀಲ್ ಮೊದಲ ದಿನವೇ ಸೋರುವುದಕ್ಕೆ ಹೆಚ್ಚಾಗಿ ಈ ಕೊನೆಯ ಅಜಾಗರೂಕತೆಯೇ ಕಾರಣ. ಸರ್ಕ್ಲಿಪ್ಪನ್ನೂ, ಒಮ್ಮೆ ಮಾತ್ರ ಬಳಸುವ ಬಗೆಯ ಹಬ್ ನಟ್ಟನ್ನೂ ಹೊಸದಾಗಿ ಹಾಕಬೇಕು. ನಟ್‌ನ ಬಿಗಿತವನ್ನು ನಿಮ್ಮ ಕಾರಿನ ವರ್ಕ್‌ಶಾಪ್ ಕೈಪಿಡಿಯಲ್ಲಿ ನೋಡಿ, ಟಾರ್ಕ್ ವ್ರೆಂಚ್‌ನಿಂದಲೇ ಕಟ್ಟಬೇಕು.

ಪೌಡರ್ ಪರೀಕ್ಷೆಯಲ್ಲಿ ಪಿನಿಯನ್ ಸೀಲ್ ಸೋರುವುದು ಗೊತ್ತಾದರೆ ಆ ಕೆಲಸವನ್ನು ಇದಕ್ಕಿಂತ ಹೆಚ್ಚು ಎಚ್ಚರದಿಂದ ಮಾಡಿಸಬೇಕು. ಬಹಳಷ್ಟು ಡಿಫರೆನ್ಷಿಯಲ್‌ಗಳಲ್ಲಿ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ, ನಟ್ ಬಿಗಿದಂತೆ ಕುಗ್ಗಿ ಬೇರಿಂಗ್‌ಗಳಿಗೆ ತಕ್ಕ ಒತ್ತಡ ಕೊಡುವ ತೆಳುವಾದ ಉಕ್ಕಿನ ತೋಳು ಇರುತ್ತದೆ. ಒಮ್ಮೆ ಕುಗ್ಗಿದ ಅದು ಮತ್ತೆ ಹಿಗ್ಗುವುದಿಲ್ಲ. ನಟ್ಟನ್ನು ಏರ್ ಗನ್‌ನಿಂದ ಬಿಗಿದರೆ ತೋಳು ಅಗತ್ಯಕ್ಕಿಂತ ಹೆಚ್ಚು ಕುಗ್ಗಿ, ಬೇರಿಂಗ್‌ಗಳು ಬಿಗಿಯಾಗಿ, ಕೆಲವೇ ದಿನಗಳಲ್ಲಿ ಕಾದು ಗುಂಯ್‌ಗುಟ್ಟಲು ಆರಂಭಿಸುತ್ತವೆ. ಆದ್ದರಿಂದ ಬಿಚ್ಚುವ ಮೊದಲೇ ಪಿನಿಯನ್ ತಿರುಗಿಸಲು ಬೇಕಾಗುವ ಬಲವನ್ನು ಸಣ್ಣ ಅಳತೆಯ ಟಾರ್ಕ್ ವ್ರೆಂಚ್‌ನಿಂದ ಅಳೆದು ಬರೆದಿಟ್ಟುಕೊಂಡು, ನಟ್, ಫ್ಲಾಂಜ್ ಮತ್ತು ಶಾಫ್ಟ್‌ಗಳ ಮೇಲೆ ಒಂದೇ ಗೆರೆಯಲ್ಲಿ ಗುರುತು ಹಾಕಿ, ಜೋಡಿಸುವಾಗ ಕೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ನಡುನಡುವೆ ಅಳೆಯುತ್ತ ಅದೇ ಸ್ಥಿತಿಗೆ ತರಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಂಥ ಕಡೆ ಕ್ರೌನ್–ಪಿನಿಯನ್ ಕೆಲಸದಲ್ಲಿ ಪಳಗಿದ ಕೈಗಳನ್ನು ಹುಡುಕಬಹುದು. ಆದರೆ ಕೆಲಸ ಒಪ್ಪಿಸುವ ಮೊದಲು ಈ ಅಳತೆಯನ್ನು ಹೇಗೆ ತೆಗೆಯುತ್ತೀರಿ ಎಂದು ವಿನಯದಿಂದಲೇ ಕೇಳಿ. ಅಂದಾಜಿನಲ್ಲಿ ಬಿಗಿಯುತ್ತೇವೆ ಎಂಬ ಉತ್ತರ ಬಂದರೆ ಬೇರೆಡೆಗೆ ಹೋಗಿ.

ಹರಿದ ಬೂಟ್‌ನ ವಿಷಯವನ್ನು ಮುಂದೂಡಬೇಡಿ. ಮುಂಚಕ್ರ ಚಾಲನೆಯ ಕಾರಿನಲ್ಲಿ ತಿರುವಿನಲ್ಲಿ ಕೇಳಿಸುವ ಕಟಕಟ ಶಬ್ದ ಜಾಯಿಂಟ್ ಸವೆದಿರುವುದನ್ನು ತಿಳಿಸುತ್ತದೆ. ನಿಮ್ಮ ಕಾರಿನಲ್ಲಿ ಶಕ್ತಿ ಪಡೆಯುವ ಹಿಂದಿನ ಚಕ್ರಗಳು ಸ್ಟಿಯರಿಂಗ್ ಜೊತೆ ಎಡಬಲಕ್ಕೆ ಹೊರಳುವುದಿಲ್ಲವಾದ್ದರಿಂದ ಆ ಎಚ್ಚರಿಕೆ ನಿಮಗೆ ಸಿಗಲಾರದು. ಕ್ಲಚ್ ಬಿಟ್ಟಾಗ ಅಥವಾ ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಕೇಳುವ ಟಣ್ ಶಬ್ದ, ವೇಗ ಹೆಚ್ಚಿಸುವಾಗಿನ ನಡುಕ ಇವಿಷ್ಟೇ ಸೂಚನೆಗಳು, ಅವೂ ತಡವಾಗಿ ಬರುತ್ತವೆ. ಶಾಫ್ಟ್ ಹೇಗೂ ಹೊರಬರುವುದರಿಂದ ಅದೇ ದಿನ ಜಾಯಿಂಟನ್ನು ಪೂರ್ತಿ ತೊಳೆಸಿ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದಿದೆಯೇ ನೋಡಿಸಿ. ನುಣುಪಾಗಿದ್ದರೆ ಹೊಸ ಬೂಟ್, ಹೊಸ ಪಟ್ಟಿಗಳು, ಕಿಟ್‌ನಲ್ಲಿ ಬಂದ ಗ್ರೀಸ್ ಅಷ್ಟನ್ನೂ ಹಾಕಿ ಜೋಡಿಸಿದರೆ ಸಾಕು. ಸಾಮಾನ್ಯ ಚಾಸಿಸ್ ಗ್ರೀಸ್ ಇಲ್ಲಿ ನಡೆಯದು. ಗುಳಿ ಬಿದ್ದಿದ್ದರೆ ಜಾಯಿಂಟ್ ಅಥವಾ ಶಾಫ್ಟ್ ಬದಲಿಸಬೇಕು.

ಕೊನೆಗೆ ಆಯಿಲ್. ಹೈಪಾಯ್ಡ್ ಗೇರ್‌ಗಳಿಗೆ ಜಿಎಲ್-5 ದರ್ಜೆಯ ಆಯಿಲ್ ಬೇಕು, ಅದರ ಸ್ನಿಗ್ಧತೆಯನ್ನು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಸ್ಪೋರ್ಟ್ಸ್ ಕಾರುಗಳಲ್ಲಿ ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವುದು ಸಾಮಾನ್ಯ. ಕ್ಲಚ್ ಪ್ಲೇಟ್‌ಗಳಿರುವ ಬಗೆಯದಾದರೆ ಅದಕ್ಕೆ ಹೇಳಿದ ಫ್ರಿಕ್ಷನ್ ಮಾಡಿಫೈಯರ್ (ಘರ್ಷಣೆಯನ್ನು ಹದಗೊಳಿಸುವ ಬೆರಕೆ) ಇರುವ ಆಯಿಲ್ಲನ್ನೇ ಹಾಕಬೇಕು, ಇಲ್ಲದಿದ್ದರೆ ಕಡಿದಾದ ತಿರುವುಗಳಲ್ಲಿ ಹಿಂಭಾಗ ನಡುಗಿ ಸದ್ದು ಮಾಡುತ್ತದೆ. ನೀರು ಸೇರಿದ್ದು ಕಂಡರೆ ಒಮ್ಮೆ ಅದೇ ದರ್ಜೆಯ ಅಗ್ಗದ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ, ಬಿಸಿಯಿರುವಾಗಲೇ ಇಳಿಸಿ, ಆಮೇಲೆ ಒಳ್ಳೆಯ ಆಯಿಲ್ ತುಂಬಿಸಿ. ಇಳಿಸಿದ ಹಳೆಯ ಆಯಿಲ್ ತೋಟದ ಕಪ್ಪಿಗೆ (ಬಸಿಗಾಲುವೆಗೆ), ಹಳ್ಳಕ್ಕೆ ಹೋಗದಂತೆ ಕ್ಯಾನಿನಲ್ಲಿ ತುಂಬಿಟ್ಟು, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಡಿ.

ಪ್ರಶ್ನೆ: ನಮ್ಮ ತೋಟದ ಹಳೆಯ ಜೀಪಿನ ಹಿಂದಿನ ಬಲಚಕ್ರದ ಒಳಗೆ ಆಯಿಲ್ ಇಳಿದು ಬ್ರೇಕ್ ಹಿಡಿಯುತ್ತಿಲ್ಲ. ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಎರಡು ವಾರ ಸರಿಯಿದ್ದು ಮತ್ತೆ ಹಾಗೇ ಆಗುತ್ತದೆ. ಏನು ಮಾಡಬೇಕು?
– ಒಬ್ಬ ಓದುಗರು, ಕೊಪ್ಪ

ಉತ್ತರ: ಆಯಿಲ್ ಕುಡಿದ ಶೂಗಳನ್ನು ತೊಳೆದು ಬಳಸುವುದನ್ನು ಇಂದೇ ನಿಲ್ಲಿಸಿ. ಪೆಟ್ರೋಲು ಮೇಲಿನ ಜಿಡ್ಡನ್ನು ಮಾತ್ರ ತೆಗೆಯುತ್ತದೆ. ಲೈನಿಂಗ್‌ನ ಒಳಗೆ ಇಳಿದ ಆಯಿಲ್ ಬ್ರೇಕ್ ಕಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ಒಂದು ಚಕ್ರ ಹಿಡಿದು ಇನ್ನೊಂದು ಜಾರುವ ವಾಹನವನ್ನು ಕೂಲಿಯಾಳುಗಳನ್ನು ಕೂರಿಸಿಕೊಂಡು ತೋಟದ ಇಳಿಜಾರಿನಲ್ಲಿ ಇಳಿಸುವುದು ಅವರ ಜೀವದ ಪ್ರಶ್ನೆ. ಎರಡೂ ಬದಿಗಳ ಶೂಗಳನ್ನು ಒಟ್ಟಿಗೇ ಬದಲಿಸಿ.

ಅದಕ್ಕೆ ಮೊದಲು ಡ್ರಮ್‌ನೊಳಗಿರುವುದು ಗೇರ್ ಆಯಿಲ್ಲೋ ಬ್ರೇಕ್ ಆಯಿಲ್ಲೋ ಎಂದು ನೋಡಬೇಕು. ವೀಲ್ ಸಿಲಿಂಡರ್‌ನ ರಬ್ಬರ್ ಟೊಪ್ಪಿಗೆ ಎತ್ತಿದಾಗ ಒಳಗೆ ತೇವವಿದ್ದು, ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ ದೋಷ ಸಿಲಿಂಡರಿನದು. ಮಟ್ಟ ಇಳಿಯದೆ, ದಪ್ಪನೆಯ ಕಟು ವಾಸನೆಯ ಆಯಿಲ್ ಇದ್ದರೆ ಅದು ಹೌಸಿಂಗ್‌ನಿಂದ ಆಕ್ಸಲ್ ಉದ್ದಕ್ಕೂ ಹರಿದು ಬಂದದ್ದು. ಜೀಪಿನಲ್ಲೂ ನೋಡಬೇಕಾದ ಕ್ರಮ ಮೇಲೆ ಹೇಳಿದ್ದೇ: ಹೌಸಿಂಗ್ ಮೇಲಿನ ಬ್ರೀದರ್, ಆಯಿಲ್ ಮಟ್ಟ, ಚಕ್ರದ ಬೇರಿಂಗ್ ಪ್ಲೇ, ಆಮೇಲೆ ಸೀಲ್. ತೋಟದ ಜೀಪುಗಳಲ್ಲಿ ಬ್ರೀದರ್ ಮೇಲೆ ವರ್ಷಗಳ ಕೆಸರು ಒಣಗಿ, ಅಲ್ಲೊಂದು ಭಾಗವಿದೆ ಎಂಬುದೇ ಕಾಣದಂತಾಗಿರುತ್ತದೆ. ಜೊತೆಗೆ ಜೀಪನ್ನು ಪ್ರತಿದಿನ ಒಂದೇ ಕಡೆಗೆ ವಾಲುವಂತೆ ನಿಲ್ಲಿಸುತ್ತಿದ್ದೀರಾ ಎಂಬುದನ್ನೂ ಗಮನಿಸಿ. ತಗ್ಗಿನ ಬದಿಯ ಸೀಲ್ ಮೇಲೆ ರಾತ್ರಿಯಿಡೀ ಆಯಿಲ್ ನಿಂತಿದ್ದರೆ ಸ್ವಲ್ಪವೇ ಸವೆದ ಸೀಲ್ ಕೂಡ ಸೋರುತ್ತದೆ.

ಪ್ರಶ್ನೆ: ಮುಂಚಕ್ರ ಚಾಲನೆಯ ಸಣ್ಣ ಕಾರಿನ ಆಕ್ಸಲ್ ಜಾಯಿಂಟ್‌ನ ರಬ್ಬರ್ ಬೂಟ್ ಹರಿದಿದೆ, ಇನ್ನೂ ಶಬ್ದ ಬಂದಿಲ್ಲ. ಆಕ್ಸಲ್ ಬಿಚ್ಚದೆಯೇ ಸುತ್ತಿ ಅಂಟಿಸುವ ಬೂಟ್ ಸಿಗುತ್ತದಂತೆ. ಹಾಕಿಸಬಹುದೇ?
– ಒಬ್ಬ ಓದುಗರು, ಶೃಂಗೇರಿ

ಉತ್ತರ: ದೂರದ ಊರಿನಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ಅಂಥ ಬೂಟ್ ಸಾಕು. ನಮ್ಮ ಕಡೆಯ ಕೆಸರು ನೀರಿನ ರಸ್ತೆಗಳಿಗೆ ಅದರ ಅಂಟು ಬಹುಕಾಲ ತಾಳುವುದಿಲ್ಲ, ಮತ್ತು ಈಗಾಗಲೇ ಒಳಹೊಕ್ಕ ಮರಳು ಗ್ರೀಸ್‌ನೊಡನೆ ಅಲ್ಲಿಯೇ ಉಳಿಯುತ್ತದೆ. ಶಬ್ದ ಬರುವ ಮೊದಲೇ ನೀವು ನೋಡಿಕೊಂಡದ್ದು ಬಹಳ ಒಳ್ಳೆಯದಾಯಿತು. ಈಗಲೇ ಆಕ್ಸಲ್ ಇಳಿಸಿ, ಜಾಯಿಂಟ್ ತೊಳೆಸಿ, ಇಡಿಯ ಬೂಟ್ ಹಾಕಿಸಿದರೆ ಜಾಯಿಂಟ್ ಉಳಿಯುತ್ತದೆ. ಆಕ್ಸಲ್ ತೆಗೆದಾಗ ಗೇರ್‌ಬಾಕ್ಸ್‌ನಿಂದ ಸ್ವಲ್ಪ ಆಯಿಲ್ ಹೊರಬರುವುದರಿಂದ ಕೊನೆಗೆ ಅದರ ಮಟ್ಟವನ್ನು ಸರಿಪಡಿಸಲು ಹೇಳಲು ಮರೆಯಬೇಡಿ.

ಪ್ರಶ್ನೆ: ಡಿಫರೆನ್ಷಿಯಲ್ ಸೋರಿಕೆಗೆ 90ರ ಬದಲು 140 ಗ್ರೇಡ್ ಆಯಿಲ್ ಹಾಕಿದರೆ ನಿಲ್ಲುತ್ತದೆ ಎನ್ನುತ್ತಾರೆ. ಸೋರಿಕೆ ನಿಲ್ಲಿಸುವ ಡಬ್ಬಿಗಳೂ ಸಿಗುತ್ತವೆ. ಇವು ನಿಜವಾಗಿ ಕೆಲಸ ಮಾಡುತ್ತವೆಯೇ?
– ಒಬ್ಬ ಓದುಗರು, ಸಾಗರ

ಉತ್ತರ: ದಪ್ಪನೆಯ ಆಯಿಲ್ ಸೋರಿಕೆಯನ್ನು ನಿಧಾನಗೊಳಿಸಬಹುದು, ನಿಲ್ಲಿಸುವುದಿಲ್ಲ. ತಯಾರಕರೇ 140 ಹೇಳಿರುವ ಹಳೆಯ ಭಾರದ ವಾಹನಗಳ ಮಾತು ಬೇರೆ. ತೆಳುವಾದ ಆಯಿಲ್‌ಗೆ ರೂಪಿಸಿದ ಪೆಟ್ಟಿಗೆಯಲ್ಲಿ ಅದು ಮುಂಜಾನೆಯ ಚಳಿಯಲ್ಲಿ ಪಿನಿಯನ್ ಬೇರಿಂಗ್‌ಗೆ ತಡವಾಗಿ ತಲುಪುತ್ತದೆ. ಡಬ್ಬಿಯ ಔಷಧಿಗಳು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆದುವಾಗಿಸುತ್ತವೆ. ವಯಸ್ಸಿನಿಂದ ಗಟ್ಟಿಯಾದ ಸೀಲ್ ಇದ್ದು, ರಿಪೇರಿಗೆ ದಿನ ಗೊತ್ತುಮಾಡಿಕೊಂಡಿದ್ದರೆ ಅಲ್ಲಿಯವರೆಗೆ ಬಳಸಬಹುದು. ಹರಿದ ತುಟಿಗೆ, ಗುಳಿ ಬಿದ್ದ ಶಾಫ್ಟ್‌ಗೆ, ಸವೆದ ಬೇರಿಂಗ್‌ಗೆ ಅದರಿಂದ ಏನೂ ಆಗದು. ಕ್ಲಚ್ ಪ್ಲೇಟ್‌ಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗಂತೂ ತಯಾರಕರು ಹೇಳದ ಯಾವುದನ್ನೂ ಬೆರೆಸಬೇಡಿ. ಹಾಗೆಯೇ ಡಿಫರೆನ್ಷಿಯಲ್‌ಗೆ ತಂದು ಉಳಿದ ಜಿಎಲ್-5 ಆಯಿಲ್ಲನ್ನು ಜಿಎಲ್-4 ಹೇಳಿರುವ ಗೇರ್‌ಬಾಕ್ಸ್‌ಗೆ ಸುರಿಯುವುದೂ ಸರಿಯಲ್ಲ. ಅದರ ಕೆಲವು ರಾಸಾಯನಿಕಗಳು ಗೇರ್ ಸಲೀಸಾಗಿ ಬದಲಾಗಲು ನೆರವಾಗುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳಿಗೆ ಹಾನಿ ಮಾಡಬಲ್ಲವು. ಉಳಿದ ಆಯಿಲ್ಲನ್ನು ಡಬ್ಬಿಯ ಮುಚ್ಚಳ ಭದ್ರಪಡಿಸಿ, ನೀರಿನ ಪಸೆ ತಾಗದ ಕಡೆ ಎತ್ತಿಟ್ಟರೆ ಮುಂದಿನ ಸಲ ಮಟ್ಟ ತುಂಬಿಸಲು ಬರುತ್ತದೆ.